ಕಂಪ್ಯೂಟರ್ ಬಂತು, ಬಿಳಿ ಚೀಟಿ ಹೋಗಲಿಲ್ಲ



ಹೆಸರು ಕಿತ್ತು, ಬಡದು, ಮಾರಿ ಮುಗೀತು. ಎರಿ ಹೊಲ ಕಡ್ಲಿ, ಬಿಳಿಜೋಳಕ್ಕ ಹದ ಆಗ್ಲಿಕತ್ತೈತಿ. ಎರಡು ದಿವಸದಿಂದ ಮಳಿ ಹಿಡದೈತಿ, ಹೊಲಕ್ಕ ಕಾಲಿಡಾಕ ಬರೂದಿಲ್ಲ. ಅದಕ್ಕ ಬಹಳ ದಿವಸದಿಂದ ತಲಿಯಾಗ ಇದ್ದ ಒಂದು ಮಾತು ಬರೀಬೇಕು ಅಂತ ಕುಂತೀನಿ. ಸ್ವಲ್ಪ ಉದ್ದ ಐತಿ, ಚಹಾ ಕುಡಕೋತ ಓದ್ರಿ.

ನಮ್ಮ ಅಣ್ಣನ ಮಗ ಹುಬ್ಬಳ್ಳಿಯಾಗ ಕಂಪ್ಯೂಟರ್ ಕೆಲಸ ಮಾಡ್ತಾನ. ಅಂಗಡಿ, ಕಾರ್ಖಾನೆಗಳಿಗೆ ಲೆಕ್ಕದ ಸಾಫ್ಟ್‌ವೇರ್ ಹಾಕಿ ಕೊಡೂದು ಅವನ ಕಂಪನಿ ಉದ್ಯೋಗ. ಗಣಪತಿ ಹಬ್ಬಕ್ಕ ಊರಿಗೆ ಬಂದಾಗ "ಡಿಜಿಟಲ್ ಪರಿವರ್ತನೆ" ಅಂತ ಒಂದು ಮಾತು ಹತ್ತು ಸಲ ಅಂದ. ನಾನು ಕೇಳಿದೆ, "ಹಂಗಂದ್ರ ಏನಪಾ? ಅಮರಗೋಳ ಪೇಟೆಯಾಗ ಎಲ್ಲಾ ಅಂಗಡ್ಯಾಗೂ ಕಂಪ್ಯೂಟರ್ ಐತಿ. ಚಹಾದ ಅಂಗಡ್ಯಾಗೂ ಫೋನ್‌ಪೇ ಐತಿ. ಅದು ಆಗಿಲ್ಲೇನು?" ಅವ ನಕ್ಕು ಹೇಳಿದ, "ಕಾಕಾ, ಕಂಪ್ಯೂಟರ್ ಇಟ್ರ ಪರಿವರ್ತನೆ ಅಲ್ಲ. ಕೆಲಸ ನಡಿಯೋ ದಾರಿನ ಬದಲಾದ್ರ ಅದಕ್ಕ ಹಂಗ ಅಂತಾರ."

ಅವ ಹೇಳಿದ್ದು ಸಣ್ಣ ಮಾತು, ಆದ್ರ ನನ್ನ ಮೂರು ವರ್ಷದ ಅನುಭವಕ್ಕ ಅದು ಸರಿಯಾಗಿ ಕೂತುಬಿಡ್ತು. ಆ ಅನುಭವ ಹೇಳ್ತೀನಿ. ಆಮ್ಯಾಲೆ ನನ್ನ ಅಭಿಪ್ರಾಯ ಹೇಳ್ತೀನಿ. ನಿಮಗ ತಪ್ಪು ಅನಿಸಿದ್ರ ಜಗಳಾಡ್ರಿ.

ಟವಲ್ ಕೆಳಗಿನ ಕೈ

ನಮ್ಮ ಅಪ್ಪ ಚಕ್ಕಡಿ ಹೂಡಿಕೊಂಡು ಪೇಟೆಗೆ ಹೋಗ್ತಿದ್ದ. ಖರೀದಿದಾರ, ದಲಾಲಿ ಇಬ್ಬರೂ ಟವಲ್ ಕೆಳಗ ಕೈ ಹಿಡಕೊಂಡು ಬೆರಳು ಒತ್ತಿ ದರ ಮುಗಿಸ್ತಿದ್ರಂತ. ಮಾಲು ಯಾರದೋ ಅವನಿಗೆ ದರ ಗೊತ್ತಾಗ್ತಿದ್ದದ್ದು ಕಡೀಕ. ಆಮ್ಯಾಲೆ ಚೀಟಿ ಟೆಂಡರ್ ಬಂತು. ವ್ಯಾಪಾರಸ್ಥರು ರಾಶಿ ನೋಡಿ ಚೀಟಿಯಾಗ ದರ ಬರದು ಹಾಕೋರು, ಹೆಚ್ಚಿಗಿ ಬರದವಗ ಮಾಲು. ಟವಲ್‌ಗಿಂತ ಸಾವಿರ ಪಾಲು ಚಲೋ. ಆದ್ರ ಚೀಟಿ ಯಾರು ತೆಗೀತಾರ, ಯಾರ ಮುಂದ ಓದ್ತಾರ, ಯಾವ ಚೀಟಿ ಮಡಚಿ ಕಿಸೆಯಾಗ ಹೋತು, ಅದು ದೇವರಿಗೇ ಗೊತ್ತು.

2014ರಾಗ ನಮ್ಮ ರಾಜ್ಯ ಸರ್ಕಾರ ಎನ್‌ಸಿಡಿಇಎಕ್ಸ್ ಸ್ಪಾಟ್ ಎಕ್ಸ್‌ಚೇಂಜ್ ಜೋಡಿ ಅರ್ಧಾ ಅರ್ಧಾ ಪಾಲಿನ ಒಂದು ಕಂಪನಿ ಮಾಡ್ತು, ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ಅಂತ. ಅದರ ಮೂಲಕ ಏಕೀಕೃತ ಮಾರುಕಟ್ಟೆ ವ್ಯವಸ್ಥೆ ಬಂತು. ಮುಂದ 2016ರ ಏಪ್ರಿಲ್ 14ಕ್ಕ ಕೇಂದ್ರ ಸರ್ಕಾರ ಇ-ನಾಮ್ ಶುರು ಮಾಡಿದಾಗ ನಮ್ಮ ಕರ್ನಾಟಕದ್ದನ್ನ ಮಾದರಿ ಅಂತ ತೋರಿಸಿದ್ರು. ನಾವು ಇದಕ್ಕ ಹೆಮ್ಮಿ ಪಡಬೇಕು, ಸುಳ್ಳಲ್ಲ.

ವ್ಯವಸ್ಥೆ ಕಾಗದದ ಮ್ಯಾಲೆ ಹಿಂಗೈತಿ. ಗೇಟಿನ್ಯಾಗ ನಮ್ಮ ಹೆಸರು, ಮಾಲು, ಚೀಲ ಎಷ್ಟು, ಫೋನ್ ನಂಬರ್ ಬರಸ್ಬೇಕು. ಲಾಟ್ ನಂಬರ್ ಸಿಗ್ತೈತಿ. ಮಾಲು ಅಡತಿ ಅಂಗಡಿ ಮುಂದ ರಾಶಿ. ವ್ಯಾಪಾರಸ್ಥರು ನೋಡಿ ತಮ್ಮ ಕಂಪ್ಯೂಟರ್, ಫೋನಿನ್ಯಾಗ ದರ ಹಾಕ್ತಾರ. ಒಬ್ಬರ ದರ ಇನ್ನೊಬ್ಬರಿಗೆ ಕಾಣೂದಿಲ್ಲ. ಟೈಮ್ ಮುಗಿದ ಕೂಡ್ಲೆ ಹೆಚ್ಚಿನ ದರ ಯಾರದು ಅಂತ ಹೊರಗ ಬರ್ತೈತಿ, ನಮಗ ಮೆಸೇಜ್ ಬರ್ತೈತಿ. ಬೇಕಂದ್ರ ಒಪ್ಪಬಹುದು, ಬ್ಯಾಡಂದ್ರ ಬಿಡಬಹುದು. ಒಪ್ಪಿದ್ರ ತೂಕ, ಪಟ್ಟಿ, ರೊಕ್ಕ.

ಓದಿದ್ರ ಎಷ್ಟು ಚಂದ ಐತಿ ನೋಡ್ರಿ. ಹಂಗಾದ್ರ ತೊಂದ್ರಿ ಎಲ್ಲೈತಿ?

ಮೆಸೇಜ್ ಯಾರ ಫೋನಿಗೆ ಬಂತು?

ಮೂರು ವರ್ಷದ ಹಿಂದ ಹದಿನಾಲ್ಕು ಚೀಲ ಹೆಸರು ಹಾಕಿ ಬಂದೆ. ಅಂಗಡಿ ಹೆಸರು ಬ್ಯಾಡ. ನಮ್ಮ ಅಪ್ಪನ ಕಾಲದಿಂದ ಹೋಗೋ ಅಂಗಡಿ. ಮನಿಗೆ ಬಂದು ಪಟ್ಟಿ ನಮ್ಮ ಮನಿಯಾಕಿ ಕೈಯಾಗ ಕೊಟ್ಟೆ. ಮನಿ ಲೆಕ್ಕ ಆಕಿದು, ನಂದಲ್ಲ. ಆಕಿ ನಾವು ಮನ್ಯಾಗ ತೂಗಿ ಬರದಿಟ್ಟಿದ್ದ ವಹಿ ತಗದು ಕೂಡಿಸಿ ನೋಡಿದ್ಲು. ಚೀಲಕ್ಕ ಒಂದು ಕೆಜಿ ಕಡಿಮಿ. ಸ್ಯಾಂಪಲ್ ಅಂತ ಬ್ಯಾರೆ ಕಾಳು ತಗದಿದ್ರು. ಕೆಳಗ ಮುರದ ರೊಕ್ಕದಾಗ ಒಂದು ಸಾಲಿಗೆ ಹೆಸರ ಇದ್ದಿಲ್ಲ, ಬರೇ ಅಂಕಿ ಇತ್ತು.

"ಮೊದಲ ಕೈಲೆ ಬರೀತಿದ್ರು, ಈಗ ಮಷಿನ್ ಬರೀತೈತಿ. ಲೆಕ್ಕ ಅದ ಐತಲ್ರಿ" ಅಂದ್ಲು.

ನಾನು ಮರುದಿವಸ ಪಟ್ಟಿ ಹಿಡಕೊಂಡು ಹೋದೆ. ಅಂಗಡ್ಯಾಗ ಕುಂತ ಗುಮಾಸ್ತ ಹುಡುಗ ಸಮಾಧಾನದಿಂದ ಹೇಳಿದ, "ಅಣ್ಣಾರ, ಇದು ಬಿಳಿ ಚೀಟಿರಿ, ನಮ್ಮ ಅಂಗಡಿದು. ಎಪಿಎಂಸಿದು ಬ್ಯಾರೆ ಇರ್ತೈತ್ರಿ." ಎರಡು ಪಟ್ಟಿ! ಒಂದು ಸರ್ಕಾರಕ್ಕ, ಒಂದು ನನಗ. ನಾನು ಕೇಳಿದೆ, "ದರದ ಮೆಸೇಜ್ ನನಗ ಬರಲೇ ಇಲ್ಲಲ್ಲೋ?" ಅವ ಕಂಪ್ಯೂಟರ್ ನೋಡಿ ಹೇಳಿದ, "ನಿಮ್ಮ ಲಾಟ್‌ಗೆ ನಂದ ನಂಬರ್ ಐತ್ರಿ. ನೀವು ಫೋನ್ ಎತ್ತೂದಿಲ್ಲ ಅಂತ ಸಾವ್ಕಾರ್ರು ಮೊದಲಿಂದ ಹಂಗ ಹಾಕ್ಸ್ಯಾರ."

ನನ್ನ ಹತ್ರ ಸ್ಮಾರ್ಟ್ ಫೋನ್ ಬಂದು ಆರು ವರ್ಷ ಆಗಿತ್ತು. ಅಷ್ಟೂ ವರ್ಷ ನನ್ನ ಮಾಲಿನ "ಒಪ್ಪಿಗೆ" ಒತ್ತಿದ್ದು ಇಪ್ಪತ್ತೆರಡು ವರ್ಷದ ಗುಮಾಸ್ತ ಹುಡುಗ. ಆ ಹುಡುಗನ ತಪ್ಪಲ್ಲ, ಅವ ಹೇಳಿದ ಕೆಲಸ ಮಾಡ್ಯಾನ. ತಪ್ಪು ನಂದೂ ಐತಿ, ಗೇಟಿನ್ಯಾಗ ಏನು ಬರದ್ರು ಅಂತ ಒಂದ ಸಲನೂ ನಾನು ನೋಡಿದ್ದಿಲ್ಲ.

ಟವಲ್ ಕೆಳಗಿನ ಕೈ ಹೋತು ಅಂತ ತಿಳಕೊಂಡಿದ್ದೆ. ಅದು ಫೋನಿನ ಒಳಗ ಹೊಕ್ಕು ಕುಂತಿತ್ತು.

ಬ್ಯಾಡ ಅನ್ನೋ ಬಟನ್

ಮುಂದಿನ ವರ್ಷ ನನ್ನ ನಂಬರ್ ಹಾಕ್ಸಿದೆ. ಮೆಸೇಜ್ ನನಗ ಬಂತು. ದರ ನೋಡಿದ್ರ ಹಿಂದಿನ ದಿವಸದಕ್ಕಿಂತ ಕಡಿಮಿ. ಸಿಟ್ಟಿಲೆ "ಬ್ಯಾಡ" ಅಂದೆ. ಹಕ್ಕು ಐತಲ್ಲ, ಚಲಾಯಿಸಿದೆ!

ಆ ರಾತ್ರಿ ಮಳಿ ಬಂತು. ಮಾಲು ಅಂಗಡಿ ಮುಂದಿನ ಕಟ್ಟಿ ಮ್ಯಾಲೆ ಇತ್ತು. ತಾಡಪತ್ರಿ ಹಾಕಿದ್ರೂ ಕೆಳಗಿನ ಚೀಲ ಹಸಿ ಹಿಡೀತು. ಮರುದಿವಸ ವ್ಯಾಪಾರಸ್ಥ ಕೈ ಹಾಕಿ ನೋಡಿ, ಎರಡು ಕಾಳು ಹಲ್ಲಿಲೆ ಕಡದು, "ಹಸಿ ಐತಿ" ಅಂದ. ಕ್ವಿಂಟಲ್‌ಗೆ ಹಿಂದಿನ ದಿವಸದ ದರಕ್ಕಿಂತ ಮುನ್ನೂರ ಐವತ್ತು ರೂಪಾಯಿ ಕಡಿಮಿಗೆ ಹೋತು. ಮ್ಯಾಲೆ ಹಮಾಲಿ ಎರಡನೇ ಸಲ ಕೊಟ್ಟೆ. ಸಾವ್ಕಾರ್ರು ಏನೂ ಅನ್ನಲಿಲ್ಲ. ಒಂದು ಚಹಾ ತರಿಸಿ ಕೊಟ್ರು. ಆ ಚಹಾ ನನಗ ಇಳೀಲಿಲ್ಲ.

ಅವತ್ತು ನನಗ ತಿಳದದ್ದು ಇಷ್ಟು. ಬ್ಯಾಡ ಅನ್ನೋ ಬಟನ್ ಕೊಟ್ಟಾರ, ಬ್ಯಾಡ ಅನ್ನೋ ತಾಕತ್ತು ಕೊಟ್ಟಿಲ್ಲ. ಬ್ಯಾಡ ಅನ್ನಬೇಕಂದ್ರ ಮಾಲು ಇಡಾಕ ಒಣ ಜಾಗ ಬೇಕು, ಎಂಟು ದಿವಸ ಮನಿ ನಡಸಾಕ ರೊಕ್ಕ ಬೇಕು, ನನ್ನ ಮಾಲಿನ ಹಸಿ ಎಷ್ಟು ಅಂತ ಹೇಳೋ ಮಷಿನ್ ಬೇಕು. ಹಲ್ಲಿಲೆ ಕಡದು ಹೇಳಿದ್ದಕ್ಕ ನಾನು ಏನಂತ ಎದುರು ಮಾತಾಡ್ಲಿ?

ಬೆಂಬಲ ಬೆಲೆ ಖರೀದಿಯಾಗ ಹೆಸರಿಗೆ ತೇವಾಂಶ ಶೇಕಡಾ 12ರ ಒಳಗ ಇರಬೇಕು ಅಂತ ಅಳತಿ ಐತಿ. ಅಲ್ಲಿ ಮೀಟರ್ ಇಟ್ಟು ನೋಡ್ತಾರ. ಬಯಲು ಟೆಂಡರ್‌ನ್ಯಾಗ ದರ ಹಾಕೋದು ಕಂಪ್ಯೂಟರ್, ಗುಣಮಟ್ಟ ನೋಡೋದು ಹಲ್ಲು! ಇದಕ್ಕ ಅರ್ಧ ಪರಿವರ್ತನೆ ಅಂತೀನಿ ನಾನು. ಅರ್ಧ ಪರಿವರ್ತನೆಯ ಲಾಭ ಯಾವಾಗಲೂ ಬಲ ಇದ್ದವಗ, ನಷ್ಟ ಬಲ ಇಲ್ಲದವಗ.

ಇನ್ನೊಂದು ಮಾತು. ಆನ್‌ಲೈನ್ ಆದ್ರ ದೂರದ ಖರೀದಿದಾರರು ಬರ್ತಾರ, ಪೈಪೋಟಿ ಹೆಚ್ಚಾಗ್ತೈತಿ ಅಂತ ಹೇಳಿದ್ರು. ಯಾಕ ಬಹಳ ಬರಲಿಲ್ಲ? ವಿಚಾರ ಮಾಡ್ರಿ. ಮದ್ರಾಸಿನ ಬ್ಯಾಳಿ ಮಿಲ್ಲಿನವ ಪರದೆ ಮ್ಯಾಲೆ "ಹೆಸರು, 14 ಚೀಲ" ಅಂತ ಅಷ್ಟ ನೋಡಿ ದರ ಹಾಕ್ತಾನೇನು? ಕಾಳಿನ ಗಾತ್ರ, ಹಸಿ, ಕಸ, ಹುಳ ಎಷ್ಟು ಅಂತ ನಂಬೋ ಹಂಗ ಯಾರರೆ ಬರದು ಕೊಟ್ರ ಹಾಕ್ತಾನ. ಅದಿಲ್ಲಂದ್ರ ಪೇಟೆಗೆ ಬಂದು ಕೈ ಹಾಕಿ ನೋಡೋ ಅದೇ ಹತ್ತು ಮಂದಿ ದರ ಹಾಕ್ತಾರ. ಕಂಪ್ಯೂಟರ್ ಹೊಸಾದು, ಮಂದಿ ಹಳಬರು.

ಅಡತಿ ಅಂಗಡಿ ಬರೇ ಅಂಗಡಿ ಅಲ್ಲ

ಇಲ್ಲಿ ತನಕ ಓದಿ ಕೆಲವರು "ಅಡತಿಯವರನ್ನ ತಗದು ಹಾಕ್ರಿ, ಎಲ್ಲಾ ಸರಿ ಹೋಗ್ತೈತಿ" ಅಂತೀರಿ. ನಾನು ಹಂಗ ಅನ್ನೂದಿಲ್ಲ.

ನಮ್ಮ ಅವ್ವಗ ರಾತ್ರಿ ಹನ್ನೊಂದಕ್ಕ ಎದಿ ನೋವು ಬಂದಾಗ ಯಾವ ಬ್ಯಾಂಕೂ ಬಾಗಲಾ ತಗದಿರಲಿಲ್ಲ. ಅದೇ ಸಾವ್ಕಾರ್ರು ಮಗನ ಕೈಲೆ ರೊಕ್ಕ ಕಳಿಸಿದ್ರು, ಒಂದು ಸಹಿ ಕೇಳಲಿಲ್ಲ. ಬೀಜ ಗೊಬ್ಬರಕ್ಕ, ಮಗಳ ಫೀಗೆ, ಎತ್ತು ತರಾಕ, ಎಲ್ಲಾದಕ್ಕೂ ಅವರ ಹತ್ರನ ಹೋಗೀನಿ. ಬಡ್ಡಿ ತಗೊಂಡಾರ, ಅದೂ ಖರೆ. ಆ ಮುಂಗಡ ಮುರಕೊಳ್ಳಾಕ ನನ್ನ ಮಾಲು ಅವರ ಅಂಗಡಿಗೇ ಬರಬೇಕು, ರೊಕ್ಕ ಅವರ ಕೈಯಿಂದನ ನನಗ ಬರಬೇಕು. ಇದು ಬರೆಯದ ಕರಾರು.

ಈಗ ನೋಡ್ರಿ ಗಂಟು ಎಲ್ಲೈತಿ ಅಂತ. ಮಾಲಿನ ರೊಕ್ಕ ನೇರ ನನ್ನ ಬ್ಯಾಂಕ್ ಖಾತೆಗೆ ಬಿದ್ರ, ಸಾವ್ಕಾರ್ರ ಮುಂಗಡ ವಸೂಲಿ ಹೆಂಗ? ಅವರಿಗೆ ನನ್ನ ಮ್ಯಾಲೆ ನಂಬಿಕಿ ಇರಬಹುದು, ಎಲ್ಲಾರ ಮ್ಯಾಲೆ ಇರೂದಿಲ್ಲ. ಅದಕ್ಕ ಅವರು ಕಂಪ್ಯೂಟರ್ ಇಟ್ಕೋತಾರ, ಟೆಂಡರ್ ಆನ್‌ಲೈನ್ ಮಾಡ್ತಾರ, ಆದ್ರ ಕಡೀ ಹೆಜ್ಜಿ, ರೊಕ್ಕ ರೈತನ ಖಾತೆಗೆ ಹೋಗೂದು, ಅದನ್ನ ಮಾತ್ರ ಬಿಡೂದಿಲ್ಲ. ಅವರ ಜಾಗದಾಗ ನಾನಿದ್ರೂ ಹಂಗ ಮಾಡ್ತಿದ್ದೆ.

ಅಂದ್ರ ಏನು? ಮುಂಗಡ ಕೊಡೋ ಬ್ಯಾರೆ ದಾರಿ ತಯಾರು ಮಾಡಲಾರದ ಟೆಂಡರ್ ಒಂದನ್ನ ಡಿಜಿಟಲ್ ಮಾಡಿದ್ರ ಅದು ಕುಂಟ ಎತ್ತಿಗೆ ಹೊಸ ಗೆಜ್ಜಿ ಕಟ್ಟಿದಂಗ. ಸಪ್ಪಳ ಜೋರು, ನಡಿಗಿ ಅದ.

ದಾರಿ ಇಲ್ಲ ಅಂತಲ್ಲ. ಎಪಿಎಂಸಿಯಾಗ ಅಡಮಾನ ಸಾಲ ಅಂತ ಯೋಜನೆ ಐತಿ, ಮಾಲು ಗೋದಾಮಿನ್ಯಾಗ ಇಟ್ಟು ಅದರ ಮ್ಯಾಲೆ ಸಾಲ ತಗೋಬಹುದು. ನೋಂದಾಯಿತ ಗೋದಾಮಿನ್ಯಾಗ ಇಟ್ರ ಈಗ ಎಲೆಕ್ಟ್ರಾನಿಕ್ ರಸೀದಿನೂ ಕೊಡ್ತಾರ, ಅದನ್ನ ಬ್ಯಾಂಕಿನ್ಯಾಗ ಒತ್ತಿ ಇಟ್ಟು ಸಾಲ ತಗೋಬಹುದು, 2017ರಿಂದ ಆ ವ್ಯವಸ್ಥೆ ಐತಿ. ನಮ್ಮ ಊರಾಗ ಎಷ್ಟು ಮಂದಿ ಇದನ್ನ ಮಾಡ್ಯಾರ ಅಂತ ಕೇಳಿದೆ. ಗುಡಿ ಕಟ್ಟಿ ಮ್ಯಾಲೆ ಕುಂತ ಹದಿನೈದು ಮಂದಿಯಾಗ ಒಬ್ಬರೂ ಇಲ್ಲ. ಆ್ಯಪ್ ಬಗ್ಗೆ ಹೇಳಾಕ ಊರಿಗೆ ನಾಕು ಸಲ ಬಂದಾರ, ಗೋದಾಮಿನ ರಸೀದಿ ಬಗ್ಗೆ ಹೇಳಾಕ ಯಾರೂ ಬಂದಿಲ್ಲ.

ಭೂಮಿ ಕಲಿಸಿದ ಪಾಠ

ಎಲ್ಲಾ ಡಿಜಿಟಲ್ ಸುಳ್ಳು ಅಂತ ನಾನು ಹೇಳ್ತಿಲ್ಲ. ನಮ್ಮ ಕಣ್ಣ ಮುಂದ ದೊಡ್ಡ ಬದಲಾವಣಿ ಆಗೇತಿ, ಅದು ಭೂಮಿ. ಇಪ್ಪತ್ತು ಇಪ್ಪತ್ತೈದು ವರ್ಷದ ಹಿಂದ ಪಹಣಿ ಅಂದ್ರ ಶಾನುಭೋಗರ ಕಾಲದಿಂದ ಬಂದ ದಫ್ತರ, ಅದರ ಕೀಲಿ ಒಬ್ಬರ ಕೈಯಾಗ. 2000ದ ಆಸುಪಾಸಿನ್ಯಾಗ ಸುಮಾರು 2 ಕೋಟಿ ಪಹಣಿ, 67 ಲಕ್ಷ ರೈತರದು, ಕಂಪ್ಯೂಟರಿಗೆ ಹೋತು. ಆವಾಗ ಹದಿನೈದು ರೂಪಾಯಿ ಕೊಟ್ರ ತಾಲೂಕು ಕಚೇರಿಯಾಗ ಕೈಯಾಗ ಪಹಣಿ ಸಿಗ್ತಿತ್ತು.

ಅದು ಯಾಕ ನಡೀತು? ಕೈಬರಹದ ಪಹಣಿ ಇನ್ನ ಮುಂದ ನಡಿಯೂದಿಲ್ಲ ಅಂತ ಸರ್ಕಾರ ಗಟ್ಟಿಯಾಗಿ ಹೇಳ್ತು. ಹಳೇ ದಾರಿ ಮುಚ್ಚಿದ್ರು. ಪೇಟೆಯಾಗ ಹಳೇ ದಾರಿ ಮುಚ್ಚಲಿಲ್ಲ. ಇತ್ತ ಆನ್‌ಲೈನ್, ಅತ್ತ ಬಿಳಿ ಚೀಟಿ, ಎರಡೂ ಬಾಗಲಾ ತಗದಾವ. ಎರಡು ಬಾಗಲಾ ಇದ್ದಾಗ ಯಾರಿಗೆ ಯಾವುದು ಅನುಕೂಲನೋ ಅದರಾಗ ಹೊಕ್ಕು ಹೋಗ್ತಾರ.

ಭೂಮಿ ಇನ್ನೊಂದು ಪಾಠನೂ ಕಲಿಸೈತಿ. ಟೈಪ್ ಮಾಡುವಾಗ ಆದ ತಪ್ಪು ಕಂಪ್ಯೂಟರಿನ್ಯಾಗ ಕಲ್ಲಿನ್ಯಾಗ ಕೊರದಂಗ ಕುಂದರ್ತೈತಿ. ನನ್ನ ಪಹಣಿಯಾಗ ಅಪ್ಪನ ಹೆಸರು ಒಂದು ನಮೂನಿ, ಆಧಾರ್‌ನ್ಯಾಗ ಇನ್ನೊಂದು ನಮೂನಿ. ಮೊದಲ ಅದು ಯಾರಿಗೂ ಬೇಕಾಗಿರಲಿಲ್ಲ. ಈಗ ಫ್ರೂಟ್ಸ್ ಐಡಿ ಇಲ್ಲಂದ್ರ ಬೆಂಬಲ ಬೆಲೆ ಇಲ್ಲ, ಪರಿಹಾರ ಇಲ್ಲ. ಆ ಒಂದು ಅಕ್ಷರ ಸರಿ ಮಾಡ್ಸಾಕ ಕಚೇರಿಗೆ ನಾಕು ಸಲ ಅಡ್ಡಾಡೀನಿ. ಬೆಳೆ ಸಮೀಕ್ಷೆದೂ ಅದ ಕತಿ. 2020ರಿಂದ ರೈತನ ಆ್ಯಪ್‌ನ್ಯಾಗ ನಮ್ಮ ಬೆಳಿ ಫೋಟೋ ನಾವ ಹಾಕಬಹುದು. ನಾವು ಹಾಕಲಿಲ್ಲಂದ್ರ ಮತ್ತ ಯಾರೋ ಬಂದು ಹಾಕ್ತಾರ. ಹೊಲದಾಗ ಹೆಸರು ಇದ್ದು ಆ್ಯಪ್‌ನ್ಯಾಗ ಗೋವಿನಜೋಳ ಬಿದ್ರ, ಸರ್ಕಾರದ ಲೆಕ್ಕದಾಗ ನೀವು ಗೋವಿನಜೋಳನ ಬೆಳದೀರಿ. ನಿಮ್ಮ ಕಣದಾಗಿನ ಹೆಸರಿನ ರಾಶಿ ಸುಳ್ಳು, ಪರದೆ ಖರೆ.

ಬ್ಯಾಡಗಿ ನೆನಪಿರಲಿ

2024ರ ಮಾರ್ಚ್ 11, ಸೋಮವಾರ. ಬ್ಯಾಡಗಿ ಪೇಟೆಯಾಗ ಮೆಣಸಿನಕಾಯಿ ದರ ಬಿತ್ತು. ಸಿಟ್ಟಿಗೆದ್ದ ರೈತರು ಎಪಿಎಂಸಿ ಕಚೇರಿ ಮ್ಯಾಲೆ ಹೋದ್ರು, ಗಾಡಿಗಳಿಗೆ ಬೆಂಕಿ ಬಿತ್ತು. ಬೆಂಕಿ ಹಚ್ಚಿದ್ದು ತಪ್ಪು, ಅದರಾಗ ಎರಡು ಮಾತಿಲ್ಲ. ಆದ್ರ ನೆನಪಿಡ್ರಿ, ಬ್ಯಾಡಗಿ ಅಂದ್ರ ಇ-ಟೆಂಡರ್‌ನ್ಯಾಗ ರಾಜ್ಯಕ್ಕ ಹೆಸರಾದ ಪೇಟೆ. ಅಂಥಾ ಕಡೆ ರೈತಗ ಪರದೆ ಮ್ಯಾಲೆ ನಂಬಿಕಿ ಯಾಕ ಉಳೀಲಿಲ್ಲ?

ನನಗ ಅನಸೂದು ಇದು. ಪರದೆ ಒಂದು ಅಂಕಿ ತೋರಿಸ್ತೈತಿ, ಕಾರಣ ಹೇಳೂದಿಲ್ಲ. ಮೊದಲ ದರ ಬಿದ್ರ ಅಡತಿ ಮುಂದ ನಿಂತು "ಯಾಕ್ರಿ ಸಾವ್ಕಾರ್ರ" ಅಂತ ಕೇಳ್ತಿದ್ವಿ, ಖರೆಯೋ ಸುಳ್ಳೋ ಅವರು ಏನೋ ಒಂದು ಹೇಳ್ತಿದ್ರು. ಈಗ ಅವರೂ "ಕಂಪ್ಯೂಟರ್‌ನ್ಯಾಗ ಹಂಗ ಬಂದೈತ್ರಿ" ಅಂತ ಕೈ ಎತ್ತಿಬಿಡ್ತಾರ. ವ್ಯಾಪಾರದಾಗ ಯಂತ್ರ ತಂದ ಮ್ಯಾಲೆ ಜವಾಬ್ದಾರಿ ಹೊರೋ ಮನಿಶಾ ಇಲ್ಲದಂಗ ಆದ್ರ, ಅದು ಪರಿವರ್ತನೆ ಅಲ್ಲ, ತಪ್ಪಿಸಿಕೊಳ್ಳೋ ಉಪಾಯ.

ಈ ವರ್ಷ ನಾವು ಮಾಡಿದ್ದು

ಬರೇ ದೂರು ಹೇಳಿ ಮುಗಸೂದಿಲ್ಲ. ಈ ಸಲ ನಾನು, ಬಾಜೂ ಹೊಲದ ಇಬ್ಬರು ಕೂಡಿ ಮೂರು ಮನಿ ಮಾಲು ಒಂದ ಮಾಡಿದ್ವಿ. ರೊಕ್ಕ ಕೂಡಿಸಿ ತೇವಾಂಶದ ಒಂದು ಮೀಟರ್ ತಂದ್ವಿ. ಕಣದಾಗ ಮತ್ತ ಎರಡು ಬಿಸಿಲು ಕೊಟ್ಟು 11ಕ್ಕ ಇಳಿಸಿದ್ವಿ, ಜರಡಿ ಹಿಡದ್ವಿ. ಮನ್ಯಾಗ ತೂಗಿ ಚೀಲದ ಮ್ಯಾಲೆ ತೂಕ ಬರದ್ವಿ. ಗೇಟಿನ್ಯಾಗ ನಂಬರ್ ನಮ್ಮದ ಅಂತ ಖಾತ್ರಿ ಮಾಡ್ಕೊಂಡ್ವಿ. ಸಾವ್ಕಾರ್ರಿಗೆ ಮೊದಲ ಹೇಳಿದೆ, "ನಿಮ್ಮ ಮುಂಗಡ ನಾನ ಫೋನ್‌ಪೇ ಮಾಡ್ತೀನಿ, ಪಟ್ಟಿ ಮಾತ್ರ ಎಪಿಎಂಸಿದ ಕೊಡ್ರಿ."

ಅವರು ಸ್ವಲ್ಪ ಹೊತ್ತು ಸುಮ್ಮ ಕುಂತ್ರು. ಆಮ್ಯಾಲೆ "ಆಗ್ಲಿ ತಮ್ಮಾ, ನಿಮ್ಮ ಅಪ್ಪನೂ ಹಿಂಗ ಇದ್ದ" ಅಂದ್ರು.

ಅವತ್ತು ಪೇಟೆಯಾಗ ನಡದ ದರಕ್ಕಿಂತ ಕ್ವಿಂಟಲ್‌ಗೆ ಇನ್ನೂರಾ ಹತ್ತು ರೂಪಾಯಿ ಹೆಚ್ಚಿಗಿ ಬಂತು. ದೊಡ್ಡ ಕ್ರಾಂತಿ ಅಲ್ಲ. ರೊಕ್ಕ ಖಾತೆಗೆ ಬರಾಕ ಒಂಬತ್ತು ದಿವಸ ಹಿಡೀತು. ಬೆಂಬಲ ಬೆಲೆ ಮುಟ್ಟಲಿಲ್ಲ. ಆದ್ರ ತೂಕ ಒಂದು ಕೆಜಿನೂ ಹೋಗಲಿಲ್ಲ. ಸಾವ್ಕಾರ್ರ ಮುಂಗಡ ಅವತ್ತ ಸಂಜಿನ್ಯಾಗ ತೀರಿಸಿದೆ. ನಮ್ಮ ಮನಿಯಾಕಿ ಪಟ್ಟಿ, ವಹಿ ಎರಡೂ ಬಾಜೂ ಇಟ್ಟು ನೋಡಿ ಏನೂ ಅನ್ನಲಿಲ್ಲ. ಆಕಿ ಸುಮ್ಮ ಇದ್ಲು ಅಂದ್ರ ಲೆಕ್ಕ ಸರಿ ಐತಿ ಅಂತ ಅರ್ಥ.

ಅಣ್ಣನ ಮಗ ಹೇಳಿದ ದಾರಿ ಬದಲಾಗೂದು ಅಂದ್ರ ಇದು. ಈ ಸಲ ಬದಲಾದದ್ದು ಕಂಪ್ಯೂಟರ್ ಅಲ್ಲ, ಅದು ಹತ್ತು ವರ್ಷದಿಂದ ಐತಿ. ಮೆಸೇಜ್ ಯಾರಿಗೆ ಬಂತು, ಹಸಿ ಯಾರು ಅಳದ್ರು, ತೂಕ ಯಾರು ಬರದ್ರು, ರೊಕ್ಕ ಯಾವ ದಾರಿಲೆ ಬಂತು, ಆ ನಾಕು ಬದಲಾದವು.

ಅದಕ್ಕ ಹಿಂಗಾರಿ ಮಾಲು ತಗೊಂಡು ಪೇಟೆಗೆ ಹೋಗೋ ಮೊದಲ ಇಷ್ಟು ಮಾಡ್ರಿ:

ಗೇಟಿನ್ಯಾಗ ನಿಮ್ಮ ಸ್ವಂತ ಫೋನ್ ನಂಬರ್ ಬರಸ್ರಿ, ಬರದದ್ದು ಕಣ್ಣಿಲೆ ನೋಡ್ರಿ. ಲಾಟ್ ನಂಬರಿನ ಫೋಟೋ ಹೊಡಕೊಳ್ರಿ.

ಬಿಳಿ ಚೀಟಿ ಕೊಟ್ರ ಎಪಿಎಂಸಿ ಪಟ್ಟಿ ಕೇಳ್ರಿ. ದಲಾಲಿ ಖರೀದಿದಾರ ಕೊಡೂದು, ರೈತನ ಪಟ್ಟಿಯಾಗ ಮುರಿಯೋ ಹಂಗಿಲ್ಲ. ಮರ್ಯಾದಿಲೆ ಕೇಳ್ರಿ, ಆದ್ರ ಕೇಳ್ರಿ.

ಮನ್ಯಾಗ ತೂಗ್ರಿ. ನಾಕು ಮನಿ ಕೂಡಿ ಒಂದು ಮೀಟರ್ ತರ್ರಿ.

ಬೆಳೆ ಸಮೀಕ್ಷೆ ಫೋಟೋ ನೀವ ಹಾಕ್ರಿ. ಪಹಣಿ, ಆಧಾರ್ ಹೆಸರು ಕೂಡ್ತಾವೋ ಇಲ್ಲೋ ಈಗ, ಬಿಡುವಿದ್ದಾಗ ನೋಡ್ಕೊಳ್ರಿ. ಪರಿಹಾರ ಬಂದ ದಿವಸ ನೋಡಿದ್ರ ಏನೂ ಆಗೂದಿಲ್ಲ.

ಎಪಿಎಂಸಿಯವರಿಗೆ ನನ್ನ ಬೇಡಿಕಿ ಒಂದೇ. ಹೊಸ ಆ್ಯಪ್ ಬ್ಯಾಡ. ಲಾಟ್ ಹಾಕೋ ಜಾಗದಾಗ ತೇವಾಂಶದ ಮೀಟರ್ ಇಡ್ರಿ, ಆ ಅಂಕಿ ದರದ ಬಾಜೂಕ ಪರದೆ ಮ್ಯಾಲೆ ಬರ್ಲಿ. ಬ್ಯಾಡ ಅಂದವನ ಮಾಲು ಎರಡು ದಿವಸ ಒಣ ಜಾಗದಾಗ ಇಡಾಕ ಒಂದು ಛಾವಣಿ ಮಾಡ್ರಿ. ಆ ಬಟನ್‌ಗೆ ಆವಾಗ ಅರ್ಥ ಬರ್ತೈತಿ.

ಮಳಿ ನಿಂತಂಗ ಕಾಣಸ್ತೈತಿ. ನಾಳೆ ಒಣಗಿದ್ರ ನಾಡದು ಕೂರಿಗಿ ಹೂಡಬೇಕು. ಮೀಟರ್ ನಮ್ಮ ಮನ್ಯಾಗ ಐತಿ, ಕಡ್ಲಿ ರಾಶಿ ಆದ ಮ್ಯಾಲೆ ಯಾರಿಗೆ ಬೇಕೋ ಬಂದು ಒಯ್ರಿ. ಹೊಳ್ಳಿ ತಂದು ಕೊಟ್ರ ಸಾಕು.